ಎಸೆಯದ ದಿನಗಳ ಚರಿತ್ರೆ

ಹನ್ನೆರಡು ವರ್ಷದ ಹುಡುಗನ ಮೊಣಕೈ ದೊಡ್ಡವರ ಮೊಣಕೈಯ ಚಿಕ್ಕ ಮಾದರಿಯಲ್ಲ. ಅದರ ಕಟ್ಟೋಣವೇ ಬೇರೆ. ತೋಳಿನ ಮೂಳೆಯ ಕೆಳತುದಿಯಲ್ಲಿ, ಮೈಯ ಕಡೆಗೆ, ಮುಟ್ಟಿದರೆ ಕೈಗೆ ಸಿಗುವ ಒಂದು ಉಬ್ಬಿದೆ. ಮಣಿಕಟ್ಟನ್ನು ಬಾಗಿಸುವ ಸ್ನಾಯುಗಳೂ ಕೀಲಿನ ಒಳಬದಿಯನ್ನು ಬಿಗಿಹಿಡಿಯುವ ಅಸ್ಥಿರಜ್ಜುವೂ ಹೊರಡುವುದು ಅಲ್ಲಿಂದಲೇ. ದೊಡ್ಡವರಲ್ಲಿ ಆ ಉಬ್ಬು ಮೂಳೆಯ ಜೊತೆ ಬೆಸೆದು ಒಂದಾಗಿರುತ್ತದೆ. ಮಕ್ಕಳಲ್ಲಿ, ಸುಮಾರು 15ರಿಂದ 17ರ ವಯಸ್ಸಿನವರೆಗೂ, ಅದನ್ನು ಹಿಡಿದು ನಿಲ್ಲಿಸಿರುವುದು ಇನ್ನೂ ಬೆಳೆಯುತ್ತಿರುವ ಮೃದ್ವಸ್ಥಿಯ ಒಂದು ತೆಳುಪದರ. ಎಳನೀರಿನ ಬುರುಡೆಗೂ ಬಲಿತ ಕಾಯಿಯ ಚಿಪ್ಪಿಗೂ ಇರುವ ಅಂತರ ಇಲ್ಲಿಯೂ ಇದೆ: ಎಳೆಯದು ಬಾಗುತ್ತದೆ, ಆದರೆ ಹರಿಯುವುದೂ ಬೇಗ. ನಮಗೆ ಪರಿಚಯವಿರುವ ಕ್ರಿಕೆಟ್‌ನಲ್ಲಿ ಬೌಲರ್ ಚೆಂಡು ಬಿಡುವಾಗ ಮಡಚಿದ ಮೊಣಕೈಯನ್ನು ಬಿಚ್ಚಿ ಎಸೆಯುವಂತಿಲ್ಲ. ಹಾಗಾಗಿ ಎಳೆಯ ವೇಗದ ಬೌಲರ್‌ಗಳ ಪೆಟ್ಟು ಬೀಳುವುದು ಬಹುತೇಕ ಸೊಂಟದ ಬೆನ್ನೆಲುಬಿನ ಮೇಲೆ. ಬೇಸ್‌ಬಾಲ್‌ನ ಪಿಚರ್ ಕೈಯನ್ನು ಮಡಚಿ ಹಿಂದಕ್ಕೆ ಬಾಗಿಸಿ ಚಾಟಿ ಬೀಸಿದಂತೆ ಬಿಚ್ಚುತ್ತಾನೆ, ಮತ್ತು ಆ ಬಾಗಿನ ತುದಿಯಲ್ಲಿ ಮೊಣಕೈಯ ಒಳಬದಿ ಬಾಯಿ ತೆರೆಯಲು ಹವಣಿಸುತ್ತದೆ. ಒಂದು ಆಟದಲ್ಲಿ ಅದು ನೂರು ಸಲ ಹಾಗೆ ಹವಣಿಸಬಹುದು. ಬಾಲ ಪಿಚರ್‌ಗಳ ಮೊಣಕೈ ನೋವಿಗೆ ಚಿಕಿತ್ಸೆ ಏನು ಎಂಬುದು ಅರವತ್ತು ವರ್ಷಗಳ ಹಿಂದೆಯೇ ವೈದ್ಯರಿಗೆ ಗೊತ್ತಿತ್ತು. ಅಲ್ಲಿಂದ ಈಚಿನ ಚರಿತ್ರೆಯನ್ನು ಹೊಸ ಚಿಕಿತ್ಸೆಗಳ ಚರಿತ್ರೆ ಎಂದು ಓದುವುದು ರೂಢಿ. ನನ್ನ ವಾದ ಬೇರೆ. ಆ ಹಳೆಯ ಚಿಕಿತ್ಸೆಗೆ ಬೇಕಾದ ಕಾಲಾವಧಿಯನ್ನು ಮಗುವಿಗೆ ಯಾರು ಕೊಡಬೇಕು ಎಂಬ ಪ್ರಶ್ನೆಯನ್ನು ಆಟದ ಸಂಸ್ಥೆಗಳು ಎಷ್ಟು ಕಾಲ ಮುಂದೂಡಿದವು ಎಂಬುದೇ ಈ ಚರಿತ್ರೆಯ ಹೂರಣ.

ಆರಂಭ ಅಮೆರಿಕದ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ. 1939ರಲ್ಲಿ ಕಾರ್ಲ್ ಸ್ಟಾಟ್ಜ್ ಎಂಬಾತ ಅಲ್ಲಿನ ಹುಡುಗರಿಗಾಗಿ ಅಳತೆ ತಗ್ಗಿಸಿದ ಮೈದಾನ, ಸಮವಸ್ತ್ರ, ಅಂಪೈರ್, ವೇಳಾಪಟ್ಟಿಗಳಿರುವ ಲಿಟಲ್ ಲೀಗ್ ಕಟ್ಟಿದ. 1947ಕ್ಕೆ ಅದರ ರಾಷ್ಟ್ರೀಯ ಪಂದ್ಯಾವಳಿ ಶುರುವಾಯಿತು. ಯುದ್ಧಾನಂತರದ ಅಮೆರಿಕದಲ್ಲಿ ಲೀಗ್ ಊರೂರಿಗೂ ಹಬ್ಬಿತು. ಮಕ್ಕಳು ಅದಕ್ಕೂ ಮುಂಚೆ ಚೆಂಡು ಎಸೆಯುತ್ತಿದ್ದರು, ನಿಜ. ಆದರೆ ಖಾಲಿ ನಿವೇಶನದ ಆಟದಲ್ಲಿ ಕೈ ನೊಂದ ಹುಡುಗ ಇನ್ನೊಬ್ಬನಿಗೆ ಚೆಂಡು ಕೊಟ್ಟು ದೂರ ಹೋಗಿ ನಿಲ್ಲುತ್ತಿದ್ದ. ಲೀಗ್ ಬಂದ ಮೇಲೆ ಅಂಕಪಟ್ಟಿ ಬಂತು, ಬೇಲಿಯ ಆಚೆ ಅಪ್ಪ ಅಮ್ಮ ಬಂದರು, ಗೆಲ್ಲಿಸಬಲ್ಲ ಒಬ್ಬನನ್ನೇ ಮತ್ತೆ ಮತ್ತೆ ಪಿಚರ್‌ನ ದಿಬ್ಬದ ಮೇಲೆ ನಿಲ್ಲಿಸುವ ತರಬೇತುದಾರ ಬಂದ. 1946ರಲ್ಲಿ ಫಿನ್‌ಲೆಂಡ್‌ನ ವೈದ್ಯ ವಾರಿಸ್, ಈಟಿ ಎಸೆಯುವವರ ಮೊಣಕೈಯ ಒಳಗಿನ ಅಸ್ಥಿರಜ್ಜು ಹರಿಯುವುದನ್ನು ವಿವರಿಸಿದ್ದ. (2019ರಲ್ಲಿ ನಮ್ಮ ನೀರಜ್ ಚೋಪ್ರಾ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸುಮಾರು ಒಂದು ಋತುವನ್ನೇ ಬಿಟ್ಟದ್ದು ಓದುಗರಿಗೆ ನೆನಪಿರಬಹುದು, ಎಸೆತದ ಆಟಗಳೆಲ್ಲ ಈ ಕೀಲಿನಿಂದ ಕೇಳುವ ಸುಂಕ ಹೆಚ್ಚು ಕಡಿಮೆ ಒಂದೇ.) ಆದರೆ ಅವರು ಬೆಳೆದವರು. ಮಕ್ಕಳ ಸಮಸ್ಯೆ ಬೇರೆಯೇ ಎಂಬುದು ಸ್ಪಷ್ಟವಾಗಿ ದಾಖಲಾದದ್ದು 1960ರಲ್ಲಿ. ಬ್ರಾಗ್ಡನ್ ಮತ್ತು ಕ್ರೋ ಎಂಬ ಇಬ್ಬರು ವೈದ್ಯರು ಎಕ್ಸ್-ರೇಯಲ್ಲಿ ಆ ಒಳ ಉಬ್ಬು ಮೂಳೆಯಿಂದ ಸರಿದದ್ದನ್ನು ಕಂಡು, ಅದಕ್ಕೆ ‘ಲಿಟಲ್ ಲೀಗರ್ಸ್ ಎಲ್ಬೋ’ ಎಂದು ಹೆಸರಿಟ್ಟು ಪ್ರಕಟಿಸಿದರು. ಆಗಲೇ ತಿಳಿದಿದ್ದ ಮದ್ದು ಸರಳವಾದದ್ದು: ಎಸೆಯುವುದನ್ನು ನಿಲ್ಲಿಸಬೇಕು.

ಐದು ವರ್ಷಗಳ ನಂತರ ಕ್ಯಾಲಿಫೋರ್ನಿಯಾದ ಮೂಳೆವೈದ್ಯ ಜೋಯೆಲ್ ಆಡಮ್ಸ್ 9ರಿಂದ 14 ವರ್ಷದ 162 ಹುಡುಗರ ಮೊಣಕೈಗಳ ಎಕ್ಸ್-ರೇ ತೆಗೆದು ನೋಡಿದರು. ಅವರಲ್ಲಿ 80 ಮಂದಿ ಪಿಚರ್‌ಗಳು, 47 ಮಂದಿ ತಂಡದ ಬೇರೆ ಸ್ಥಾನಗಳಲ್ಲಿ ಆಡುವವರು, 35 ಮಂದಿ ಸಂಘಟಿತ ಬೇಸ್‌ಬಾಲ್ ಆಡದವರು. ಎಂಬತ್ತೂ ಪಿಚರ್‌ಗಳ ಎಸೆಯುವ ಕೈಯಲ್ಲಿ ಏನಾದರೊಂದು ಬದಲಾವಣೆ ಕಂಡಿತು. ಈ ಫಲಿತಾಂಶ ದೇಶದಲ್ಲಿ ಕಳವಳ ಹುಟ್ಟಿಸಿತು, ತಕ್ಕ ಆಕ್ಷೇಪವನ್ನೂ ಎದುರಿಸಿತು. 1976ರಲ್ಲಿ ಹ್ಯೂಸ್ಟನ್ ಮತ್ತು ಯೂಜೀನ್ ನಗರಗಳ ಲಿಟಲ್ ಲೀಗ್ ಪಿಚರ್‌ಗಳ ಮೇಲೆ ನಡೆದ ಎರಡು ಅಧ್ಯಯನಗಳು ಆಡಮ್ಸ್ ಹೇಳಿದಷ್ಟು ಹಾನಿ ತಮಗೆ ಕಾಣಲಿಲ್ಲ ಎಂದವು. ಎಕ್ಸ್-ರೇಯಲ್ಲಿ ಕಂಡ ಪ್ರತಿ ಬದಲಾವಣೆಯೂ ಗಾಯವಲ್ಲ. ಬಳಸುವ ಕೈಯ ಮೂಳೆ ದಪ್ಪವಾಗುವುದು ದೇಹದ ಸಹಜ ಹೊಂದಾಣಿಕೆ. ಈ ಆಕ್ಷೇಪದಲ್ಲಿ ಹುರುಳಿದೆ, ಅದನ್ನು ಒಪ್ಪಲೇಬೇಕು. ಆದರೆ ಆಟದ ಆಡಳಿತ ಅದನ್ನು ಬಳಸಿಕೊಂಡ ರೀತಿಯನ್ನು ಒಪ್ಪುವುದು ಕಷ್ಟ. ‘ಎಲ್ಲರಿಗೂ ಹಾನಿಯಾಗುವುದಿಲ್ಲ’ ಎಂಬ ತೀರ್ಮಾನ ಮೆಲ್ಲಗೆ ‘ಹಾನಿಯ ಲೆಕ್ಕ ಇಡಬೇಕಾಗಿಲ್ಲ’ ಎಂಬ ನಡವಳಿಕೆಯಾಯಿತು. ಲಿಟಲ್ ಲೀಗ್‌ನಲ್ಲಿ ವಾರಕ್ಕೆ ಇಷ್ಟು ಇನ್ನಿಂಗ್ಸ್ ಎಂಬ ಮಿತಿ ಇತ್ತು. ಮೊಣಕೈಗಾದರೋ ಇನ್ನಿಂಗ್ಸ್ ಗೊತ್ತಿಲ್ಲ, ಎಸೆತ ಗೊತ್ತು. ಒಂದು ಇನ್ನಿಂಗ್ಸ್ 9 ಎಸೆತದಲ್ಲಿ ಮುಗಿಯಬಹುದು, 40 ಎಸೆತವನ್ನೂ ನುಂಗಬಹುದು. ಎಸೆತಗಳನ್ನೇ ಎಣಿಸುವ ನಿಯಮ ಬರುವುದಕ್ಕೆ 2007ರವರೆಗೆ ಕಾಯಬೇಕಾಯಿತು. ಬ್ರಾಗ್ಡನ್ ಮತ್ತು ಕ್ರೋ ಬರೆದಾಗ ಹತ್ತು ವರ್ಷವಾಗಿದ್ದ ಹುಡುಗ ಆ ಹೊತ್ತಿಗೆ ಅಜ್ಜನಾಗುವ ವಯಸ್ಸಿಗೆ ಬಂದಿದ್ದ.

ಈ ನಡುವೆ ಎಲ್ಲರ ಗಮನವನ್ನೂ ಸೆಳೆದದ್ದು ದೊಡ್ಡವರ ಮೊಣಕೈ. 1966ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಸ್ಯಾಂಡಿ ಕೂಫ್ಯಾಕ್ಸ್, ಆ ಋತುವಿನಲ್ಲಿ 27 ಪಂದ್ಯ ಗೆದ್ದು ತನ್ನ ಶಕ್ತಿಯ ಶಿಖರದಲ್ಲಿದ್ದಾಗಲೇ, 30ನೇ ವಯಸ್ಸಿಗೆ ಮೊಣಕೈಯ ಸಂಧಿವಾತದಿಂದಾಗಿ ನಿವೃತ್ತನಾದ. ಎಂಟು ವರ್ಷಗಳ ನಂತರ ಅದೇ ತಂಡದ ಟಾಮಿ ಜಾನ್, 1974ರ ಜುಲೈ 17ರಂದು ಮಾಂಟ್ರಿಯಲ್ ತಂಡದ ಎದುರು ಎಸೆಯುತ್ತಿದ್ದಾಗ ಅವನ ಎಡ ಮೊಣಕೈಯ ಒಳ ಅಸ್ಥಿರಜ್ಜು ಹರಿಯಿತು. ವೈದ್ಯ ಫ್ರ್ಯಾಂಕ್ ಜೋಬ್ ಸೆಪ್ಟೆಂಬರ್ 25ರಂದು ಅವನ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ರಂಧ್ರ ಕೊರೆದು ಹೆಣೆದರು. ಮತ್ತೆ ಎಸೆಯುವ ಸಾಧ್ಯತೆ ನೂರಕ್ಕೆ ಒಂದು ಎಂದು ಮೊದಲೇ ಹೇಳಿದ್ದರು. ಕೆಲವೇ ತಿಂಗಳಲ್ಲಿ ಕೈಯ ನರಕ್ಕೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಯಿತು. 1975ರ ಇಡೀ ಋತುವನ್ನು ಜಾನ್ ಬಿಟ್ಟ. 1976ರಲ್ಲಿ ಮರಳಿದ, 1977ರಲ್ಲಿ 20 ಪಂದ್ಯ ಗೆದ್ದ, 1989ರವರೆಗೆ ಆಡಿದ. ಅವನ ಒಟ್ಟು 288 ಗೆಲುವುಗಳಲ್ಲಿ 164 ಆ ಶಸ್ತ್ರಚಿಕಿತ್ಸೆಯ ನಂತರದವು. ಜೋಬ್ ಆತುರಪಡಲಿಲ್ಲ, ಒಂದೇ ಉದಾಹರಣೆಯನ್ನು ನಂಬದೆ ಬಹುಕಾಲ ಕಾದರು. 1986ರಲ್ಲಿ 16 ಎಸೆತಗಾರರ ಫಲಿತಾಂಶ ಪ್ರಕಟಿಸಿದಾಗ ಹಿಂದಿನ ಮಟ್ಟಕ್ಕೆ ಮರಳಿದವರು 10 ಮಂದಿ. ವೈದ್ಯಕೀಯದ ಮಟ್ಟಿಗೆ ಅದು ದೊಡ್ಡ ಸಾಧನೆ, ಅದರ ಬಗ್ಗೆ ನನಗೆ ಗೌರವವಲ್ಲದೆ ಬೇರೇನಿಲ್ಲ. ಆದರೆ ಆ ಕಥೆ ಶಾಲಾ ಮೈದಾನಗಳಿಗೆ ಇಳಿದಾಗ ಅದರ ಅರ್ಧ ಭಾಗ ದಾರಿಯಲ್ಲೇ ಉದುರಿತು.

ಉಳಿದುಕೊಂಡದ್ದು ಹೆಣೆದ ಸ್ನಾಯುರಜ್ಜು. ಉದುರಿಹೋದದ್ದು ಬಿಟ್ಟ ಋತು, ನರದ ತೊಂದರೆ, ಮೂವತ್ತೊಂದು ವರ್ಷದ ಬಲಿತ ದೇಹ, ವೃತ್ತಿಪರನಿಗೆ ಸಿಗುವ ದಿನನಿತ್ಯದ ಆರೈಕೆ, ಮತ್ತು ಮರಳಿ ಬಾರದ ಆರು ಮಂದಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಜೇಮ್ಸ್ ಆಂಡ್ರೂಸ್ ಮತ್ತು ಸಂಗಡಿಗರು ತಮ್ಮದೇ ದಾಖಲೆಗಳನ್ನು ತೆರೆದು ನೋಡಿದರು. 1988ರಿಂದ 1994ರವರೆಗೆ ಅವರು ಮಾಡಿದ 85 ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಪ್ರೌಢಶಾಲಾ ವಯಸ್ಸಿನವರು 7 ಮಂದಿ. 1995ರಿಂದ 2003ರವರೆಗಿನ 609ರಲ್ಲಿ 77 ಮಂದಿ. ಅಮೆರಿಕದ ಒಂದು ದೊಡ್ಡ ವಿಮಾ ದತ್ತಾಂಶದ ಪ್ರಕಾರ 2007ರಿಂದ 2011ರ ನಡುವೆ ಈ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ 56.7% ಮಂದಿ 15ರಿಂದ 19 ವರ್ಷದವರು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 2012ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆ. ಪೆಟ್ಟೇ ಆಗದ ಮೊಣಕೈಗೂ, ಆಟದ ಬಲ ಹೆಚ್ಚಿಸಿಕೊಳ್ಳಲು, ಈ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂದು ನಂಬಿದ್ದ ಪ್ರೌಢಶಾಲಾ ಆಟಗಾರರು 51%. ಪೋಷಕರಲ್ಲಿಯೂ 37% ಮಂದಿ ಹಾಗೆಯೇ ನಂಬಿದ್ದರು. ಹರಿದದ್ದನ್ನು ಕಟ್ಟಲು ಹುಟ್ಟಿದ ಉಪಾಯ ಒಂದು ತಲೆಮಾರಿನ ಕಣ್ಣಿಗೆ ಮೇಲ್ದರ್ಜೆಗೆ ಏರುವ ಮೆಟ್ಟಿಲಾಗಿ ಕಂಡಿತು. ಮಗುವಿನ ಕೈ ಮುರಿದರೂ ಸರಿಪಡಿಸಬಹುದು ಎಂಬ ಭರವಸೆ ಇದ್ದಾಗ, ಮುರಿಯದಂತೆ ಕಾಯುವ ಒತ್ತಡ ತಾನಾಗಿಯೇ ಸಡಿಲವಾಗುತ್ತದೆ. ಶಸ್ತ್ರಚಿಕಿತ್ಸೆಯ ಯಶಸ್ಸು ಮಕ್ಕಳ ಮಟ್ಟಿಗೆ ತಂದ ನಷ್ಟ ಇದು.

ಇಲ್ಲಿ ಒಬ್ಬ ಸಮಂಜಸ ಓದುಗ ಕೇಳಬಹುದು: ಹದಿನೇಳರ ಹುಡುಗನ ಅಸ್ಥಿರಜ್ಜು ನಿಜವಾಗಿಯೂ ಹರಿದಿದ್ದರೆ, ಅವನಿಗೆ ಮತ್ತೆ ಎಸೆಯುವ ಆಸೆ ಇದ್ದರೆ, ಶಸ್ತ್ರಚಿಕಿತ್ಸೆಯನ್ನು ದೂರುವುದೇಕೆ? ದೂರುತ್ತಿಲ್ಲ. ಬೆಳವಣಿಗೆಯ ಪದರ ಮುಚ್ಚಿ, ಅಸ್ಥಿರಜ್ಜು ಪೂರ್ತಿ ಹರಿದವನಿಗೆ ಅದು ಒಳ್ಳೆಯ ದಾರಿ. ಉಬ್ಬು ಹೆಚ್ಚು ಸರಿದುಹೋದ ಚಿಕ್ಕ ಹುಡುಗನಿಗೂ ಕೆಲವೊಮ್ಮೆ ಸ್ಕ್ರೂ ಹಾಕಿ ಕೂಡಿಸಬೇಕಾಗುತ್ತದೆ. ನನ್ನ ಮಾತು ಇಷ್ಟೇ: ಶಸ್ತ್ರಚಿಕಿತ್ಸೆ ಕಾಲವನ್ನು ಉಳಿಸುವುದಿಲ್ಲ. ಹೆಣೆದ ರಜ್ಜು ಹೊಸ ಕೆಲಸಕ್ಕೆ ಒಗ್ಗಿ ಗಟ್ಟಿಯಾಗಲು ಒಂದು ವರ್ಷ, ಅನೇಕ ಸಲ ಅದಕ್ಕಿಂತ ಹೆಚ್ಚು ಬೇಕು. ಮೊದಲೇ ಗುರುತಿಸಿದ ಬಾಲ್ಯದ ಪೆಟ್ಟಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಎಸೆಯುವುದನ್ನು ಪೂರ್ತಿ ಬಿಟ್ಟು, ಮೂರು ತಿಂಗಳ ಹೊತ್ತಿಗೆ ಮೆಲ್ಲಗೆ ದಿಬ್ಬಕ್ಕೆ ಮರಳುವುದು ಸಾಕಾಗುತ್ತದೆ. ಹನ್ನೆರಡರಲ್ಲಿ ಮೂರು ತಿಂಗಳು ಕೊಡಲು ಒಪ್ಪದವರು ಹದಿನೇಳರಲ್ಲಿ ಹದಿನೈದು ತಿಂಗಳು ಕೊಡುವ ಸ್ಥಿತಿಗೆ ಬರುತ್ತಾರೆ. ಟಾಮಿ ಜಾನ್‌ನ ಕಥೆಯಲ್ಲಿಯೂ ಕತ್ತರಿಯ ಕೆಲಸ ಎರಡೇ ದಿನಗಳದ್ದು. ಉಳಿದದ್ದೆಲ್ಲ ಒಂದೂವರೆ ವರ್ಷದ ತಾಳ್ಮೆ.

ಆ ಮೂರು ತಿಂಗಳಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವಿಶ್ರಾಂತಿ ಎಂದರೆ ಏನೂ ಮಾಡದಿರುವುದು ಎಂಬ ತಪ್ಪು ತಿಳಿವಳಿಕೆಯೇ ಅದನ್ನು ಹಾಳುಗೆಡವುತ್ತದೆ. ಮೊದಲ ವಾರಗಳಲ್ಲಿ ನೋವು ಹೋಗಬೇಕು, ಕೀಲು ಪೂರ್ತಿ ಚಾಚಿ ಮಡಚಬೇಕು. ನಂತರದ ದುಡಿಮೆ ಮೊಣಕೈಗಿಂತ ದೂರದಲ್ಲಿ ನಡೆಯುತ್ತದೆ: ಕಾಲು, ಸೊಂಟ, ಹೊಟ್ಟೆ, ಭುಜದ ಹಿಂಭಾಗದ ಸ್ನಾಯುಗಳಲ್ಲಿ. ಎಸೆತದ ಬಲ ನೆಲದಿಂದ ಏರಿ ಬರುತ್ತದೆ. ಕೆಳಗೆ ಎಲ್ಲಿ ಸೋರಿದರೂ ಕೊರತೆ ತುಂಬುವ ಭಾರ ಮೊಣಕೈಗೆ ಬೀಳುತ್ತದೆ. ಆಮೇಲೆ ಹತ್ತಿರದ ದೂರಕ್ಕೆ ಮೆಲುವಾಗಿ ಕೆಲವು ಎಸೆತ, ಒಂದು ದಿನ ಬಿಡುವು, ಮತ್ತೆ ಸ್ವಲ್ಪ ಹೆಚ್ಚು ದೂರ. ಯಾವ ಹಂತದಲ್ಲಿ ನೋವು ಬಂದರೂ ಹಿಂದಿನ ಹಂತಕ್ಕೆ ಇಳಿಯಬೇಕು. ದಿಬ್ಬದಿಂದ ಪೂರ್ಣ ಬಲದ ಎಸೆತ ಎಲ್ಲಕ್ಕಿಂತ ಕೊನೆಗೆ. ಇದರಲ್ಲಿ ಕಷ್ಟವಾದದ್ದು ವ್ಯಾಯಾಮವಲ್ಲ. ನೋವು ಮೂಳೆಗಿಂತ ಮುಂಚೆ ಮಾಯವಾಗುತ್ತದೆ, ಕಷ್ಟ ಅಲ್ಲಿದೆ. ಮೂರನೇ ವಾರಕ್ಕೆ ಹುಡುಗ ಚುರುಕಾಗಿ ಓಡಾಡುತ್ತಾನೆ, ಕೈ ನೋಯುತ್ತಿಲ್ಲ ಎನ್ನುತ್ತಾನೆ, ಹೇಳುತ್ತಿರುವುದು ನಿಜವೂ ಹೌದು. ಆದರೆ ಮೃದ್ವಸ್ಥಿಯ ಪದರ ಇನ್ನೂ ಕೂಡಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಬೇಡ ಎನ್ನಬಲ್ಲವರು ಮೈದಾನದಲ್ಲಿ ಯಾರೂ ಇಲ್ಲದಿದ್ದರೆ ವೈದ್ಯರ ಚೀಟಿ ಜೇಬಿನಲ್ಲೇ ಉಳಿಯುತ್ತದೆ. ಹುಡುಗನಿಗೆ ಆಡುವ ಹಂಬಲ, ತರಬೇತುದಾರನಿಗೆ ಶನಿವಾರದ ಪಂದ್ಯ, ತಂದೆಗೆ ಕಾಲೇಜಿನ ವಿದ್ಯಾರ್ಥಿವೇತನದ ಕನಸು. ನಿಯಮ ಬೇಕಾಗುವುದು ಇವರಲ್ಲಿ ಯಾರೂ ಕೆಟ್ಟವರೆಂದಲ್ಲ, ಎಲ್ಲರಿಗೂ ಒಂದೇ ಕಡೆಗೆ ಸೆಳೆತವಿದೆ ಎಂದು.

ನಿಯಮಕ್ಕೆ ಆಧಾರ ಒದಗಿಸಿದವರು ಬರ್ಮಿಂಗ್‌ಹ್ಯಾಮ್‌ನ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್‌ನ ಗ್ಲೆನ್ ಫ್ಲೈಸಿಗ್ ಮತ್ತು ಸಹೋದ್ಯೋಗಿಗಳು. ಪೂರ್ಣ ಬಲದ ಎಸೆತದಲ್ಲಿ ವಯಸ್ಕ ಪಿಚರ್‌ನ ಮೊಣಕೈ ಮೇಲೆ ಬೀಳುವ ತಿರುಚುಬಲ ಸುಮಾರು 64 ನ್ಯೂಟನ್ ಮೀಟರ್ ಎಂದು ಅವರು 1995ರಲ್ಲಿ ಅಳೆದರು. ಶವಗಳ ಮೊಣಕೈ ಮೇಲಿನ ಪರೀಕ್ಷೆಯಲ್ಲಿ ಆ ಅಸ್ಥಿರಜ್ಜು ಒಂದೇ ಹರಿದದ್ದು ಸುಮಾರು 32ಕ್ಕೆ. ಉಳಿದ ಭಾರವನ್ನು ಸ್ನಾಯುಗಳೂ ಮೂಳೆಗಳ ಕೂಡುವಿಕೆಯೂ ಹೊರುತ್ತವೆ. ಸ್ನಾಯು ದಣಿದರೆ ರಕ್ಷಣೆ ಕುಸಿಯುತ್ತದೆ. 2002ರಲ್ಲಿ ಪ್ರಕಟವಾದ, 9ರಿಂದ 14 ವರ್ಷದ 476 ಪಿಚರ್‌ಗಳನ್ನು ಒಂದು ಋತು ಪೂರ್ತಿ ಹಿಂಬಾಲಿಸಿದ ಅಧ್ಯಯನದಲ್ಲಿ ಅರ್ಧದಷ್ಟು ಮಕ್ಕಳಿಗೆ ಮೊಣಕೈ ಅಥವಾ ಭುಜ ನೋವು ಬಂದಿತ್ತು. ಎಸೆತ ಹೆಚ್ಚಿದಂತೆ ನೋವೂ ಹೆಚ್ಚಿತ್ತು. 2006ರ ಅಧ್ಯಯನ ಶಸ್ತ್ರಚಿಕಿತ್ಸೆಯಾದ 95 ಹದಿಹರೆಯದವರನ್ನು ಪೆಟ್ಟಾಗದ 45 ಮಂದಿಯೊಂದಿಗೆ ಹೋಲಿಸಿತು. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಪಿಚ್ ಮಾಡಿದವರಿಗೆ ಅಪಾಯ ಐದು ಪಟ್ಟು. ದಣಿದ ಕೈಯಲ್ಲೇ ಪದೇ ಪದೇ ಎಸೆದವರಿಗೆ ಮೂವತ್ತಾರು ಪಟ್ಟು. ಆಡಮ್ಸ್ ಕಾಲದಿಂದ ಎಲ್ಲರೂ ದೂರುತ್ತಿದ್ದ ಕರ್ವ್‌ಬಾಲ್, ಅಂದರೆ ಗಾಳಿಯಲ್ಲಿ ಬಾಗುವ ಎಸೆತ, ಪ್ರಯೋಗಾಲಯದಲ್ಲಿ ಫಾಸ್ಟ್‌ಬಾಲ್‌ಗಿಂತ ಹೆಚ್ಚಿನ ಬಲ ಹಾಕುವುದಿಲ್ಲ ಎಂದೂ ಕಂಡಿತು. ಎಸೆತದ ಬಗೆಗಿಂತ ಎಣಿಕೆ ಮತ್ತು ದಣಿವು ಮುಖ್ಯ. 2007ರ ಲಿಟಲ್ ಲೀಗ್ ನಿಯಮ ಹತ್ತು ವರ್ಷದವರಿಗೆ ದಿನಕ್ಕೆ 75, ಹನ್ನೊಂದು-ಹನ್ನೆರಡರವರಿಗೆ 85 ಎಸೆತಗಳ ಮಿತಿ ಹಾಕಿ, ಎಸೆದಷ್ಟಕ್ಕೂ ತಕ್ಕ ಬಿಡುವಿನ ದಿನಗಳನ್ನು ಕಡ್ಡಾಯ ಮಾಡಿತು.

ಹಳಬರು ಇದನ್ನು ಒಪ್ಪಲಿಲ್ಲ. ಸೈ ಯಂಗ್ ತನ್ನ ವೃತ್ತಿಯಲ್ಲಿ 7,000ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದು 511 ಪಂದ್ಯ ಗೆಲ್ಲಲಿಲ್ಲವೇ, ಈಗಿನವರು ಎಣಿಸಿ ಎಣಿಸಿ ಸಾಕಿದರೂ ಮುರಿಯುತ್ತಾರಲ್ಲ ಎಂದು ಕೇಳಿದರು. ಈ ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಸುಲಭ. ಉಳಿದವರ ಹೆಸರು ಮಾತ್ರ ಚರಿತ್ರೆಯಲ್ಲಿ ಉಳಿಯುತ್ತದೆ. ಕೈ ಸತ್ತಿತು ಎಂದು ಮನೆಗೆ ಹೋದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಜೊತೆಗೆ ಆಗಿನ ಪಿಚರ್ ಪ್ರತಿ ಎಸೆತಕ್ಕೂ ಪೂರ್ಣ ಬಲ ಹಾಕುತ್ತಿರಲಿಲ್ಲ. ಇಕ್ಕಟ್ಟಿನ ಗಳಿಗೆಗೆಂದು ಬಲವನ್ನು ಉಳಿಸಿಕೊಳ್ಳುವುದೇ ಕಸುಬಿನ ಜಾಣ್ಮೆ ಎಂದು ಕ್ರಿಸ್ಟಿ ಮ್ಯಾಥ್ಯೂಸನ್ 1912ರ ತನ್ನ ಪುಸ್ತಕದ ಹೆಸರಿನಲ್ಲೇ ಸೂಚಿಸಿದ್ದ. ಎರಡನೆಯ ಅರ್ಧ ಗಟ್ಟಿಯಾದದ್ದು. ಎಣಿಕೆ ಬಂದ ಮೇಲೂ ಶಸ್ತ್ರಚಿಕಿತ್ಸೆಗಳು ಇಳಿಯಲಿಲ್ಲ ಎಂಬುದು ನಿಜ. ಕಾರಣಗಳಲ್ಲಿ ಒಂದು ವೇಗದ ಹಸಿವು: ಅಮೆರಿಕದ ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 147 ಕಿಲೋಮೀಟರ್ ಇದ್ದದ್ದು 2024ಕ್ಕೆ ಸುಮಾರು 152ಕ್ಕೆ ಏರಿತು, ಮತ್ತು ಹದಿನಾಲ್ಕರ ಹುಡುಗನನ್ನೂ ಈಗ ರೇಡಾರ್ ಗನ್ ಅಳೆಯುತ್ತದೆ. ಇನ್ನೊಂದು ಕಾರಣ ಎಣಿಕೆಯ ಸೋರಿಕೆ. ಒಂದೇ ಹುಡುಗ ಶಾಲೆಗೆ, ಊರಿನ ಲೀಗ್‌ಗೆ, ಊರೂರು ಸುತ್ತುವ ಖಾಸಗಿ ತಂಡಕ್ಕೆ ಆಡುತ್ತಾನೆ. ಪ್ರತಿ ತಂಡವೂ ತನ್ನ ಎಸೆತಗಳನ್ನಷ್ಟೇ ಎಣಿಸುತ್ತದೆ. ಫ್ಲಾರಿಡಾದ ಪ್ರೌಢಶಾಲಾ ಪಂದ್ಯಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ, ಪಂದ್ಯದ ದಿನ ದಿಬ್ಬದಿಂದ ಎಸೆದ ಎಸೆತಗಳಲ್ಲಿ ಸುಮಾರು 42% ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂದು ಕಂಡಿತು, ಏಕೆಂದರೆ ಅವು ಕೈ ಬಿಸಿ ಮಾಡಿಕೊಳ್ಳುವ ಎಸೆತಗಳು. ಮಿತಿ ಸೋತಿತು ಎಂದು ಇದರಿಂದ ತೀರ್ಮಾನಿಸಲಾರೆ. ಮಿತಿಯನ್ನು ಅರ್ಧ ಮಾತ್ರ ಹಾಕಲಾಯಿತು ಎಂಬುದೇ ಇದರ ಅರ್ಥ.

ಅರ್ಧ ಹಾಕಿದ ಮಿತಿಗೆ ಜಪಾನ್‌ಗಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. 1915ರಲ್ಲಿ ಆರಂಭವಾಗಿ, 1924ರಿಂದ ಕೊಶಿಯೆನ್ ಕ್ರೀಡಾಂಗಣದಲ್ಲಿ ಬೇಸಿಗೆಯಲ್ಲಿ ನಡೆಯುವ ಪ್ರೌಢಶಾಲಾ ಪಂದ್ಯಾವಳಿ ಆ ದೇಶದ ಭಾವಜೀವನದ ಒಂದು ಅಂಗ. ಸೋತರೆ ಹೊರಗೆ ಎಂಬ ನಿಯಮ, ಉರಿಬಿಸಿಲು, ಊರಿನ ಹೆಸರು ಹೊತ್ತ ಒಬ್ಬನೇ ಏಸ್ ಪಿಚರ್. 1991ರಲ್ಲಿ ಒಕಿನಾವಾ ಸುಯಿಸಾನ್ ಶಾಲೆಯ ಓನೊ ರಿನ್ ನೋಯುವ ಮೊಣಕೈಯಲ್ಲೇ 773 ಎಸೆತ ಎಸೆದು ತಂಡವನ್ನು ಫೈನಲ್‌ವರೆಗೆ ಒಯ್ದ. ಫೈನಲ್ ಸೋತ ಮೇಲೆ ಮೊಣಕೈಯ ಮೂಳೆ ಮುರಿದಿದೆ ಎಂದು ತಿಳಿಯಿತು. ಮುಂದೆ ಅವನು ವೃತ್ತಿಪರನಾದದ್ದು ಔಟ್‌ಫೀಲ್ಡರ್ ಆಗಿ. ಪಿಚರ್ ಆಗಿ ಅವನ ಬದುಕು ಅಲ್ಲಿಗೇ ಮುಗಿಯಿತು. ಆ ದಶಕದಲ್ಲೇ ಕೊಶಿಯೆನ್‌ಗೆ ಬರುವ ಪಿಚರ್‌ಗಳ ಭುಜ, ಮೊಣಕೈ ತಪಾಸಣೆ ಶುರುವಾಯಿತು. 1995ರಲ್ಲಿ ಜಪಾನಿನ ಕ್ರೀಡಾ ವೈದ್ಯರ ಸಂಘ ಸ್ಪಷ್ಟ ಸಂಖ್ಯೆಗಳನ್ನೇ ಮುಂದಿಟ್ಟಿತು: ಪೂರ್ಣ ಬಲದ ಎಸೆತ ಪ್ರಾಥಮಿಕ ಶಾಲೆಯವರಿಗೆ ದಿನಕ್ಕೆ 50, ವಾರಕ್ಕೆ 200, ಮಾಧ್ಯಮಿಕದವರಿಗೆ 70 ಮತ್ತು 350, ಪ್ರೌಢಶಾಲೆಯವರಿಗೆ 100 ಮತ್ತು 500. ಮೂರೇ ವರ್ಷಗಳ ನಂತರ, 1998ರ ಆಗಸ್ಟ್ 20ರಂದು, ಮತ್ಸುಝಾಕಾ ದೈಸುಕೆ 17 ಇನ್ನಿಂಗ್ಸ್‌ಗಳಲ್ಲಿ 250 ಎಸೆತ ಎಸೆದ, ಮರುದಿನವೂ ಕೊನೆಯ ಇನ್ನಿಂಗ್ಸ್‌ಗೆ ಇಳಿದ, ಅದರ ಮರುದಿನ ಫೈನಲ್‌ನಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಗೆದ್ದ. ವೈದ್ಯರ ಸಂಖ್ಯೆಗಳು ಯಾರಿಗೂ ನೆನಪಾಗಲಿಲ್ಲ. 2018ರ ಡಿಸೆಂಬರ್‌ನಲ್ಲಿ ನೀಗಾತಾ ಪ್ರಾಂತದ ಒಕ್ಕೂಟ ತನ್ನ ಪಂದ್ಯಾವಳಿಯಲ್ಲಿ ಪಂದ್ಯಕ್ಕೆ 100 ಎಸೆತಗಳ ಮಿತಿ ಹಾಕುತ್ತೇನೆ ಎಂದಾಗ ರಾಷ್ಟ್ರೀಯ ಒಕ್ಕೂಟ ಮರುಪರಿಶೀಲನೆ ಕೇಳಿತು, ಪ್ರಸ್ತಾಪ ಹಿಂದೆ ಸರಿಯಿತು. ಆದರೆ ಆ ಒತ್ತಡದಿಂದಲೇ ತಜ್ಞರ ಸಮಿತಿ ಕೂತು, 2020ರಿಂದ ವಾರಕ್ಕೆ 500 ಎಂಬ ಮಿತಿ ಬಂತು. ಕಾಲು ಶತಮಾನದ ಹಿಂದಿನ ಶಿಫಾರಸಿನ ವಾರದ ಭಾಗವನ್ನು ತೆಗೆದುಕೊಂಡು, ದಿನದ ಭಾಗವನ್ನು ಅಲ್ಲಿಯೇ ಬಿಟ್ಟರು.

ಬಿಟ್ಟ ಆ ಭಾಗದ ಬೆಲೆಯನ್ನು 2019ರ ಜುಲೈನಲ್ಲಿ ಇವಾತೆ ಪ್ರಾಂತದಲ್ಲಿ ನಡೆದ ಘಟನೆಯಿಂದ ಅಳೆಯಬಹುದು. ಓಫುನಾತೊ ಶಾಲೆಯ ಸಸಾಕಿ ರೋಕಿ ಆ ವಸಂತದಲ್ಲಿ ಗಂಟೆಗೆ 163 ಕಿಲೋಮೀಟರ್ ವೇಗ ಮುಟ್ಟಿದ್ದ ಹುಡುಗ. ಜುಲೈ 21ರಂದು 12 ಇನ್ನಿಂಗ್ಸ್‌ಗಳಲ್ಲಿ 194 ಎಸೆತ, 24ರಂದು ಸೆಮಿಫೈನಲ್‌ನಲ್ಲಿ 129 ಎಸೆತ. 25ರಂದು ಪ್ರಾಂತೀಯ ಫೈನಲ್. ಗೆದ್ದಿದ್ದರೆ 35 ವರ್ಷಗಳ ನಂತರ ಶಾಲೆಗೆ ಕೊಶಿಯೆನ್. ತರಬೇತುದಾರ ಅವನನ್ನು ಇಳಿಸಲಿಲ್ಲ, ತಂಡ 12-2ರಿಂದ ಸೋತಿತು, ಶಾಲೆಗೆ ಸಿಟ್ಟಿನ ಕರೆಗಳು ಸುರಿದವು. ಲೆಕ್ಕ ಹಾಕಿ ನೋಡಿ: ಮರುವರ್ಷ ಬಂದ ನಿಯಮ ಅಂದೇ ಇದ್ದಿದ್ದರೂ ಆ ಏಳು ದಿನಗಳಲ್ಲಿ ಅವನ ಎಣಿಕೆ 323 ಮಾತ್ರ, ಫೈನಲ್‌ನಲ್ಲಿ ಇನ್ನೂ 177 ಎಸೆಯಲು ಅನುಮತಿ ಇರುತ್ತಿತ್ತು. ಅಂದರೆ ನಿಯಮ ಕಾಯದ ಜಾಗದಲ್ಲಿ ಒಬ್ಬ ಶಿಕ್ಷಕ ಒಂಟಿಯಾಗಿ ನಿಂತು ಕಾಯ್ದ. ವ್ಯಕ್ತಿಯೊಬ್ಬನ ಎದೆಗಾರಿಕೆಯನ್ನು ನಂಬಿ ಮಕ್ಕಳ ಮೂಳೆಯನ್ನು ಬಿಡಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ. ಸಸಾಕಿ 2022ರ ಏಪ್ರಿಲ್ 10ರಂದು ವೃತ್ತಿಪರ ಲೀಗ್‌ನಲ್ಲಿ ಎದುರಾಳಿಯ ಒಬ್ಬನನ್ನೂ ಬೇಸ್ ಮುಟ್ಟಗೊಡದ ಪರ್ಫೆಕ್ಟ್ ಗೇಮ್ ಎಸೆದ, 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. ಅದನ್ನು ಆ ತರಬೇತುದಾರನ ನಿರ್ಧಾರದ ಸಮರ್ಥನೆಯೆಂದು ನಾನು ಮುಂದಿಡುವುದಿಲ್ಲ, ಏಕೆಂದರೆ 2025ರಲ್ಲಿ ಡಾಡ್ಜರ್ಸ್ ಸೇರಿದ ಮೇಲೆ ಭುಜದ ತೊಂದರೆಯಿಂದ ಅದೇ ಸಸಾಕಿ ತಿಂಗಳುಗಟ್ಟಲೆ ಹೊರಗಿದ್ದ. ನಿರ್ಧಾರ ಸರಿಯಾಗಿದ್ದದ್ದು ಹುಡುಗ ಮುಂದೆ ತಾರೆಯಾದನೆಂದಲ್ಲ. ತಾರೆಯಾಗದ ಹುಡುಗನಿಗೂ ಅದು ಅಷ್ಟೇ ಸರಿ.

ಇದರ ಎದುರು ನಿಲ್ಲುವ ಅತ್ಯಂತ ಮಾನವೀಯ ಆಕ್ಷೇಪ ಹುಡುಗರ ಕಡೆಯಿಂದಲೇ ಬರುತ್ತದೆ. ಬಹುಪಾಲು ಪ್ರೌಢಶಾಲಾ ಆಟಗಾರರು ವೃತ್ತಿಪರರಾಗುವುದಿಲ್ಲ. ಅವರಿಗೆ ಆ ಬೇಸಿಗೆಯೇ ಕೊನೆಯ ಬೇಸಿಗೆ, ಆ ಗೆಳೆಯರೇ ತಂಡ. ಮುಂದೆಂದೂ ಬಳಸದ ಮೊಣಕೈಯನ್ನು ಯಾವ ಭವಿಷ್ಯಕ್ಕಾಗಿ ಉಳಿಸಬೇಕು, ಕೈ ತಮ್ಮದಲ್ಲವೇ ಎಂದು ಅವರು ಕೇಳಿದರೆ ಹಗುರವಾಗಿ ತಳ್ಳಿಹಾಕಲಾಗದು. ಆದರೂ ಎರಡು ಸಂಗತಿ ಆ ವಾದವನ್ನು ಅಲುಗಿಸುತ್ತವೆ. ಹದಿನೇಳರ ಹುಡುಗ ಎಸೆಯುತ್ತೇನೆ ಎನ್ನುವಾಗ ಅವನ ಹಿಂದೆ ತಂಡ, ಶಾಲೆ, ಊರು ಪ್ರೇಕ್ಷಕರಾಗಿ ನಿಂತಿರುತ್ತವೆ. ಒಲ್ಲೆ ಎನ್ನಲು ನಿಜವಾದ ಅವಕಾಶ ಇಲ್ಲದ ಕಡೆ ಒಪ್ಪಿಗೆಗೆ ತೂಕ ಕಡಿಮೆ. ಎಲ್ಲ ತಂಡಗಳಿಗೂ ಒಂದೇ ಮಿತಿ ಇದ್ದರೆ ಅವನು ಗೆಳೆಯರಿಗೆ ದ್ರೋಹ ಬಗೆಯದೆಯೇ ಕೈಯನ್ನು ಇಳಿಸಬಹುದು. ಇನ್ನೊಂದು, ಹದಿನೇಳರ ಮೊಣಕೈ ಹದಿನೇಳರಲ್ಲಿ ಹಾಳಾಗಿರುವುದಿಲ್ಲ. ಅದರ ಗಾಯದ ಮೊದಲ ಗೆರೆ ಬೀಳುವುದು ಬಹುತೇಕ ಹತ್ತು ಹನ್ನೊಂದರಲ್ಲಿ, ಒಪ್ಪಿಗೆ ಕೇಳುವ ಪ್ರಶ್ನೆಯೇ ಹುಟ್ಟದ ವಯಸ್ಸಿನಲ್ಲಿ.

ಹತ್ತು ಹನ್ನೊಂದರ ಈ ಮಕ್ಕಳನ್ನೇ ಹುಡುಕಿಕೊಂಡು ಹೋದವರು ಜಪಾನಿನ ಶಿಕೊಕು ದ್ವೀಪದ ತೊಕುಶಿಮಾದ ವೈದ್ಯರು. ಕೊಶಿಯೆನ್‌ನಷ್ಟು ಹೆಸರು ಅವರ ಕೆಲಸಕ್ಕೆ ಬಂದಿಲ್ಲ, ಬರಬೇಕಿತ್ತು. 1981ರಿಂದ ಅವರು ಪ್ರಾಥಮಿಕ ಶಾಲಾ ಮಕ್ಕಳ ಪಂದ್ಯಾವಳಿಗಳ ಮೈದಾನಕ್ಕೇ ಹೋಗಿ ಸಾಲಾಗಿ ನಿಲ್ಲಿಸಿ ಮೊಣಕೈ ಪರೀಕ್ಷಿಸುತ್ತ ಬಂದಿದ್ದಾರೆ. ಅನುಮಾನ ಬಂದವರನ್ನು ಎಕ್ಸ್-ರೇಗೆ ಕಳಿಸುತ್ತಾರೆ. ಮೊಣಕೈಯ ಹೊರಬದಿಯಲ್ಲಿ, ಎಸೆಯುವಾಗ ಮೂಳೆಗೆ ಮೂಳೆ ಒತ್ತುವ ಜಾಗದಲ್ಲಿ, ಮೃದ್ವಸ್ಥಿಯ ಕೆಳಗಿನ ಮೂಳೆ ನಿಧಾನವಾಗಿ ಸಡಿಲವಾಗುವ ಒಂದು ಕಾಯಿಲೆ ಇದೆ. ಒಳಬದಿಯ ಪೆಟ್ಟು ನೋವಿನಿಂದ ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಇದು ಆರಂಭದಲ್ಲಿ ನೋಯುವುದೇ ಅಪರೂಪ. ನೋವು ಬಂದು ಆಸ್ಪತ್ರೆಗೆ ಬರುವ ಹೊತ್ತಿಗೆ ಚೂರು ಕಳಚಿರಬಹುದು. ಆದ್ದರಿಂದ ಮಗು ಹೇಳುವವರೆಗೆ ಕಾಯುವ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು, ವೈದ್ಯರೇ ಮೈದಾನಕ್ಕೆ ಹೋಗಬೇಕು. ಮತ್ಸುಊರಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಮೊದಲ ಹಂತದಲ್ಲೇ ಸಿಕ್ಕು ಶಸ್ತ್ರಚಿಕಿತ್ಸೆಯಿಲ್ಲದೆ ಕಾದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಮೂಳೆ ವಾಸಿಯಾಯಿತು. ಎರಡನೇ ಹಂತದಲ್ಲಿ ಸಿಕ್ಕವರಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ವಾಸಿಯಾಗಲು ಮೊದಲ ಹಂತದವರಿಗೆ ಹಿಡಿದ ಸರಾಸರಿ ಕಾಲ ಸುಮಾರು ಹದಿನೈದು ತಿಂಗಳು. ಹನ್ನೊಂದರ ಹುಡುಗನಿಗೆ ಅದು ಒಂದು ಬೇಸಿಗೆಗಿಂತ ಹೆಚ್ಚು, ಕೆಲವೊಮ್ಮೆ ಎರಡು. ಆ ಅವಧಿಯಲ್ಲಿ ಅವನ ಹೆಸರು ತಂಡದ ಪಟ್ಟಿಯಲ್ಲಿ ಉಳಿಯಬೇಕು. ಓಟದಲ್ಲಿ, ಬೇಸ್ ಬಳಿ ನಿಂತು ಗೆಳೆಯರಿಗೆ ಸನ್ನೆ ಮಾಡುವುದರಲ್ಲಿ, ಅಂಕ ಬರೆಯುವುದರಲ್ಲಿ ಅವನಿಗೆ ಕೆಲಸ ಇರಬೇಕು. ಅದನ್ನು ಬರೆದುಕೊಡುವುದು ವೈದ್ಯರ ಕೈಯಲ್ಲಿಲ್ಲ, ಲೀಗ್‌ನ ಕೈಯಲ್ಲಿದೆ.